ಅಬ್ಬಿಗೆರೆಯ ಗಲ್ಲಿಗೆ ಒಗ್ಗುವ ಐಷಾರಾಮಿ ಕಾರು: ಗಂಡ-ಹೆಂಡಿರಿಬ್ಬರ ಸಂಸಾರಕ್ಕೆ ಕಾಂಪ್ಯಾಕ್ಟ್ ಎಸ್‌ಯುವಿ ಆರಿಸುವ ಬಗೆ

ಕಾಂಪ್ಯಾಕ್ಟ್ ಲಕ್ಷುರಿ ಎಸ್‌ಯುವಿ ಎಂದರೆ ದುಬಾರಿ ಬ್ರ್ಯಾಂಡುಗಳ ಎಸ್‌ಯುವಿಗಳಲ್ಲಿ ಎಲ್ಲಕ್ಕಿಂತ ಚಿಕ್ಕ ವರ್ಗ. ಉದ್ದ ಸುಮಾರು 4.2ರಿಂದ 4.6 ಮೀಟರ್, ಬೆಲೆ ಸಾಮಾನ್ಯವಾಗಿ ಎಕ್ಸ್‌ಶೋರೂಮ್ ಲೆಕ್ಕದಲ್ಲಿ 40 ಲಕ್ಷದಿಂದ 55 ಲಕ್ಷ ರೂಪಾಯಿ. ಬಿಎಂಡಬ್ಲ್ಯು ಎಕ್ಸ್1, ಮರ್ಸಿಡಿಸ್-ಬೆಂಜ್ ಜಿಎಲ್‌ಎ, ಆಡಿ ಕ್ಯೂ3 ಈ ವರ್ಗದ ಹಳೆಯ ಹೆಸರುಗಳು. ವಿದ್ಯುತ್ ಕಾರುಗಳ ಪೈಕಿ ಬಿಎಂಡಬ್ಲ್ಯು ಐಎಕ್ಸ್1, ವೋಲ್ವೊ ಇಎಕ್ಸ್40, ವೋಲ್ವೊ ಇಎಕ್ಸ್30, ಮಿನಿ ಕಂಟ್ರಿಮನ್ ಇದೇ ಸಾಲಿಗೆ ಸೇರುತ್ತವೆ. ಹಿಂದಿನ ಸೀಟು ಮತ್ತು ಡಿಕ್ಕಿಯ ಜಾಗ ದೊಡ್ಡ ಎಸ್‌ಯುವಿಗಳಷ್ಟು ಇರುವುದಿಲ್ಲ. ಇಬ್ಬರೇ ಇರುವ ಸಂಸಾರಕ್ಕೆ ಅದು ಕೊರತೆಯಲ್ಲ. ಎಂಜಿನ್, ಸುರಕ್ಷತೆ, ಒಳಾಂಗಣದ ಗುಣಮಟ್ಟ ದೊಡ್ಡ ಕಾರುಗಳಿಗೆ ಸಮೀಪವೇ ಇರುತ್ತದೆ, ಬೆಲೆ ಮಾತ್ರ ಬಹಳ ಕಡಿಮೆ.

ಈ ಕಾರುಗಳ ಗುಣ-ದೋಷಗಳನ್ನು ಹೋಲಿಸುವ ಮಾಹಿತಿಗೆ ಬರವಿಲ್ಲ. ಕಾರು ದಿನವೂ ಮನೆಗೆ ಬಂದು ಸೇರಬೇಕಾದ ಕೊನೆಯ ಅರ್ಧ ಕಿಲೋಮೀಟರಿನ ಲೆಕ್ಕವನ್ನು ಮಾತ್ರ ಕೊಳ್ಳುವವರೇ ಹಾಕಬೇಕು. ಉತ್ತರ ಬೆಂಗಳೂರಿನ ಅಬ್ಬಿಗೆರೆಯಂಥ ಬಡಾವಣೆಯಲ್ಲಿ ಆಯ್ಕೆ ಶುರುವಾಗಬೇಕಾದದ್ದು ಅಲ್ಲಿಂದಲೇ.

ಗಲ್ಲಿ, ಗೇಟು, ಪಾರ್ಕಿಂಗು

ಅಬ್ಬಿಗೆರೆ ಮೊದಲು ಕೆರೆಯೊಂದಿಗಿನ ಹಳ್ಳಿ. ಈಗ ಅದು ಜಾಲಹಳ್ಳಿ, ಕಮ್ಮಗೊಂಡನಹಳ್ಳಿ, ಶೆಟ್ಟಿಹಳ್ಳಿ, ಚಿಕ್ಕಬಾಣಾವರಗಳ ನಡುವೆ ಒತ್ತಾಗಿ ಬೆಳೆದಿರುವ ಜಾಗ. ಸಣ್ಣ ಕೈಗಾರಿಕೆಗಳ ಶೆಡ್ಡುಗಳೂ ವಾಸದ ಮನೆಗಳೂ ಅಕ್ಕಪಕ್ಕದಲ್ಲೇ ಇವೆ. ಮುಖ್ಯ ರಸ್ತೆಯಲ್ಲಿ ಟೆಂಪೊ, ಲಾರಿ, ಬಿಎಂಟಿಸಿ ಬಸ್ಸು ಒಟ್ಟಿಗೇ ನುಗ್ಗುತ್ತವೆ. ಒಳಗಿನ ಕ್ರಾಸುಗಳಲ್ಲಿ 20 ಅಡಿ, 30 ಅಡಿ ರಸ್ತೆಗಳೇ ಹೆಚ್ಚು.

20 ಅಡಿ ರಸ್ತೆಯ ಒಂದು ಬದಿಯಲ್ಲಿ ಕಾರು ನಿಂತರೆ ಆರು ಅಡಿ ಹೋಯಿತು. ಎದುರು ಬದಿಯಲ್ಲಿ ಬೈಕುಗಳು ಅಡ್ಡಲಾಗಿ ನಿಂತರೆ ಇನ್ನೂ ಆರೂವರೆ ಅಡಿ. ಉಳಿಯುವುದು ಏಳೂವರೆ ಅಡಿ. ಎಕ್ಸ್1ನ ಅಗಲ ಕಂಪನಿಯ ವಿವರಪಟ್ಟಿಯಲ್ಲಿ 1,845 ಮಿ.ಮೀ. ಎಂದಿದೆ, ಅಂದರೆ ಆರು ಅಡಿಗೆ ತುಸು ಹೆಚ್ಚು. ಆದರೆ ಕನ್ನಡಿಗಳನ್ನು ಸೇರಿಸಿದರೆ ಅದೇ ಕಾರು 2,104 ಮಿ.ಮೀ., ಹತ್ತಿರ ಹತ್ತಿರ ಏಳು ಅಡಿ. ಜಿಎಲ್‌ಎ ಕನ್ನಡಿ ಸೇರಿ ಸುಮಾರು 2,020 ಮಿ.ಮೀ. ಮೂರು ಇಂಚಿನ ಈ ವ್ಯತ್ಯಾಸ ಹೆದ್ದಾರಿಯಲ್ಲಿ ಗೊತ್ತಾಗುವುದಿಲ್ಲ, ಗಲ್ಲಿಯಲ್ಲಿ ದಿನಕ್ಕೆರಡು ಸಲ ಗೊತ್ತಾಗುತ್ತದೆ. ವಿವರಪಟ್ಟಿಯಲ್ಲಿ ಎದ್ದು ಕಾಣುವ ಅಂಕಿ ಬಹುಮಟ್ಟಿಗೆ ಕನ್ನಡಿ ಬಿಟ್ಟ ಅಗಲವೇ ಆಗಿರುವುದರಿಂದ ಕನ್ನಡಿ ಸೇರಿದ ಅಗಲವನ್ನು ಕೇಳಿ ಪಡೆಯಬೇಕು.

ಉದ್ದದ ಲೆಕ್ಕವೂ ಹೀಗೆಯೇ. ಇಎಕ್ಸ್30 4,233 ಮಿ.ಮೀ., ಜಿಎಲ್‌ಎ 4,412, ಇಎಕ್ಸ್40 4,440, ಕ್ಯೂ3 ಸುಮಾರು 4,480, ಎಕ್ಸ್1 4,500. ಭಾರತದಲ್ಲಿ ಸಿಗುವ ಐಎಕ್ಸ್1 ಲಾಂಗ್ ವೀಲ್‌ಬೇಸ್ ಮಾದರಿ 4,616 ಮಿ.ಮೀ., ಅಂದರೆ ಹದಿನೈದು ಅಡಿ ದಾಟುತ್ತದೆ. ಹಿಂದೆ ಕೂತವರಿಗೆ ಕಾಲು ಚಾಚಲು ಅದರಲ್ಲಿ ಧಾರಾಳವಾದ ಜಾಗವಿದೆ. ಆದರೆ 30×40 ಸೈಟಿನಲ್ಲಿ ಕಟ್ಟಿದ ಮನೆಯ ಕೆಳಗೆ ಬಾಡಿಗೆದಾರರ ಬೈಕುಗಳು, ಸಂಪಿನ ಮುಚ್ಚಳ, ಮೆಟ್ಟಿಲು ಎಲ್ಲ ಸೇರಿ ಉಳಿಯುವ ಜಾಗ ಎಷ್ಟೆಂದು ಟೇಪು ಹಿಡಿದು ಅಳೆಯದೆ ಅಂಥ ಕಾರಿಗೆ ಮುಂಗಡ ಕೊಡುವುದು ಸರಿಯಲ್ಲ. ಅಪಾರ್ಟ್‌ಮೆಂಟಿನ ಸ್ಟಿಲ್ಟ್ ಪಾರ್ಕಿಂಗ್ ಆದರೆ ಎರಡು ಕಂಬಗಳ ನಡುವಿನ ಅಂತರ ಅಳೆದುಕೊಳ್ಳಬೇಕು. ಕಾರಿನ ಅಗಲ ಕಳೆದು ಎರಡೂ ಬದಿಗೆ ಎರಡೆರಡು ಅಡಿಯಾದರೂ ಉಳಿದರೆ ಮಾತ್ರ ಇಬ್ಬರೂ ಸಲೀಸಾಗಿ ಬಾಗಿಲು ತೆರೆದು ಇಳಿಯಲಾಗುತ್ತದೆ. ಇಲ್ಲವಾದರೆ ದಿನವೂ ಒಬ್ಬರು ಹೊರಗೇ ಇಳಿದು ನಿಲ್ಲಬೇಕು.

ಚರಂಡಿಯ ಮೇಲಿಂದ ಗೇಟಿಗೆ ಹತ್ತುವ ರ‍್ಯಾಂಪು ಬೆಂಗಳೂರಿನ ಮನೆಗಳ ದೊಡ್ಡ ಪರೀಕ್ಷೆ. ಕಡಿದಾದ ರ‍್ಯಾಂಪಿನಲ್ಲಿ ಮುಂದಿನ ಬಂಪರಿನ ಕೆಳತುಟಿಯೋ ಚಾಸಿಯ ನಡುಭಾಗವೋ ಉಜ್ಜುತ್ತದೆ. ಬರೀ ಗ್ರೌಂಡ್ ಕ್ಲಿಯರೆನ್ಸ್ ಅಂಕಿಯಿಂದ ಇದು ತಿಳಿಯುವುದಿಲ್ಲ. ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ನಡುಭಾಗ ತಾಗುವ ಸಂಭವ ಹೆಚ್ಚು. ಸ್ಪೋರ್ಟ್ ಮಾದರಿಗಳ ಬಂಪರು ಇನ್ನೂ ಕೆಳಗಿರುತ್ತದೆ. ಟೆಸ್ಟ್ ಡ್ರೈವ್ ಕಾರನ್ನು ಮನೆಗೇ ತರಿಸಿ, ಇಬ್ಬರೂ ಒಳಗೆ ಕೂತು, ನಿಧಾನವಾಗಿ ರ‍್ಯಾಂಪು ಹತ್ತಿಸಿ ಒಳಗೆ ನಿಲ್ಲಿಸಿ ನೋಡುವುದೇ ದಾರಿ. ಒಬ್ಬರು ಹೊರಗೆ ಬಗ್ಗಿ ನೋಡುತ್ತಿದ್ದರೆ ಇನ್ನೂ ಒಳ್ಳೆಯದು. ಶೋರೂಮುಗಳು ಸಾಮಾನ್ಯವಾಗಿ ಮನೆಗೆ ಕಾರು ಕಳಿಸುತ್ತವೆ, ಕೇಳಲು ಸಂಕೋಚ ಬೇಡ.

ಇಂಥ ರಸ್ತೆಗಳಲ್ಲಿ 360 ಡಿಗ್ರಿ ಕ್ಯಾಮೆರಾ ಆಡಂಬರದ ವಸ್ತುವಲ್ಲ, ಅಗತ್ಯ. ಪ್ಯಾನೊರಮಿಕ್ ಸನ್‌ರೂಫಿಗೆ ಕೊಡುವ ಹಣವನ್ನು ಇದಕ್ಕೆ ಕೊಡುವುದು ಲೇಸು. ಚಕ್ರದ ವಿಷಯದಲ್ಲಿಯೂ ಚಿಕ್ಕ ರಿಮ್ಮು, ದಪ್ಪ ಟೈರು ಇರುವ ಮಾದರಿಯೇ ವಾಸಿ. 19 ಇಂಚಿನ ರಿಮ್ಮು ನೋಡಲು ಚೆಂದ. ಆದರೆ ಹಂಪು ಮತ್ತು ಗುಂಡಿಗಳ ರಸ್ತೆಯಲ್ಲಿ ತೆಳು ಟೈರಿನ ಪಕ್ಕೆ ಊದಿಕೊಂಡು ಒಡೆಯುತ್ತದೆ, ಒಂದೊಂದು ಟೈರಿಗೂ ಸಾವಿರಗಟ್ಟಲೆ ಖರ್ಚು. ಡಿಕ್ಕಿಯ ಕೆಳಗೆ ಸ್ಟೆಪ್ನಿ ಇದೆಯೋ ಬರೀ ಪಂಕ್ಚರ್ ಕಿಟ್ ಇದೆಯೋ ಎಂದು ತೆರೆದು ನೋಡಿಕೊಳ್ಳಬೇಕು.

ಇಬ್ಬರ ವಾರದ ಓಡಾಟ

ಎಂಜಿನ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಆ ಇಬ್ಬರ ದಿನಚರಿಯಲ್ಲಿದೆ. ಒಬ್ಬರು ಪೀಣ್ಯದಲ್ಲೋ ಬಿಇಎಲ್‌ನಲ್ಲೋ, ಇನ್ನೊಬ್ಬರು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲೋ ಕೆಲಸ ಮಾಡುವುದು ಈ ಭಾಗದ ಸಾಮಾನ್ಯ ಚಿತ್ರ. ಗಂಗಮ್ಮನ ಗುಡಿ ಸರ್ಕಲ್, ಬಿಇಎಲ್ ಸರ್ಕಲ್, ಹೆಬ್ಬಾಳ ಫ್ಲೈಓವರ್ ದಾಟಿ ಹೋಗುವವರ ಕಾರು ಬೆಳಿಗ್ಗೆ-ಸಂಜೆ ತೆವಳುತ್ತಲೇ ಇರುತ್ತದೆ. ಜಾಲಹಳ್ಳಿ ನಿಲ್ದಾಣದಿಂದ ಮೆಟ್ರೊ ಹಿಡಿಯುವವರ ಕಾರು ವಾರವಿಡೀ ಮನೆಯ ಕೆಳಗೆ ನಿಂತು ಶನಿವಾರ-ಭಾನುವಾರ ಮಾತ್ರ ಹೊರಡುತ್ತದೆ. ಈ ಎರಡೂ ಬಗೆಯ ಬಳಕೆಗೆ ಒಂದೇ ಕಾರು ಹೊಂದುವುದಿಲ್ಲ.

ಡೀಸೆಲ್ ಬಗ್ಗೆ ಎಚ್ಚರ ಬೇಕು. ಬಿಎಸ್-6 ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಎಂದು ಕರೆಯುವ ಈ ಫಿಲ್ಟರಿನ ಮಸಿ ಸುಟ್ಟುಹೋಗಬೇಕಾದರೆ ಆಗಾಗ ಹೆದ್ದಾರಿಯ ವೇಗದಲ್ಲಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ದಿನಕ್ಕೆ ಏಳೆಂಟು ಕಿಲೋಮೀಟರ್ ತೆವಳಿ ನಿಲ್ಲುವ ಕಾರಿನಲ್ಲಿ ಅದು ಕಟ್ಟಿಕೊಂಡು, ಎಚ್ಚರಿಕೆ ದೀಪ ಹೊತ್ತಿ, ಸರ್ವಿಸ್ ಸೆಂಟರಿಗೆ ಅಲೆದಾಟವಾಗುತ್ತದೆ. ತಿಂಗಳಿಗೆರಡು ಸಲ ಹಾಸನದ ಕಡೆಗೋ ಶಿವಮೊಗ್ಗದ ಕಡೆಗೋ ಊರಿಗೆ ಹೋಗಿಬರುವವರಿಗೆ ಮಾತ್ರ ಎಕ್ಸ್1ನ 150 ಅಶ್ವಶಕ್ತಿಯ 2 ಲೀಟರ್ ಡೀಸೆಲ್ ಎಂಜಿನ್ ಅಥವಾ ಜಿಎಲ್‌ಎ 220ಡಿ 4ಮ್ಯಾಟಿಕ್‌ನ 190 ಅಶ್ವಶಕ್ತಿಯ ಎಂಜಿನ್ ಸಾರ್ಥಕ.

ಪೆಟ್ರೋಲಿನಲ್ಲಿ ಮೂರು ಕಾರುಗಳದ್ದು ಮೂರು ಗುಣ. ಎಕ್ಸ್1ನದು 1.5 ಲೀಟರಿನ ಮೂರು ಸಿಲಿಂಡರ್, 136 ಅಶ್ವಶಕ್ತಿ. ಜಿಎಲ್‌ಎ 200ರದು 1.3 ಲೀಟರ್, 163 ಅಶ್ವಶಕ್ತಿ. 2022ರಲ್ಲಿ ಭಾರತಕ್ಕೆ ಬಂದ ಎರಡನೇ ತಲೆಮಾರಿನ ಕ್ಯೂ3ರದು 2 ಲೀಟರ್, 190 ಅಶ್ವಶಕ್ತಿ, ಜೊತೆಗೆ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಕ್ವಾಟ್ರೊ ವ್ಯವಸ್ಥೆ. ಮೊದಲೆರಡು ಮುಂಚಕ್ರ ಚಾಲನೆಯವು. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವವರಿಗೆ, ಸಕಲೇಶಪುರದ ಕಡೆ ಕಾಫಿ ತೋಟದ ಕೆಸರು ದಾರಿ ಹತ್ತುವವರಿಗೆ ಕ್ಯೂ3 ಹೆಚ್ಚು ಧೈರ್ಯ ಕೊಡುತ್ತದೆ. ಊರೊಳಗೇ ಇರುವವರಿಗೆ ಅದರ ಪ್ರಯೋಜನ ಕಡಿಮೆ, ಪೆಟ್ರೋಲಿನ ಖರ್ಚು ಜಾಸ್ತಿ. ಮೂರರಲ್ಲೂ ಇರುವುದು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ತೆವಳುವ ಟ್ರಾಫಿಕ್ಕಿನಲ್ಲಿ ಅದು ಎಳೆದಾಡುತ್ತದೆಯೇ ಎಂದು ತಿಳಿಯಲು ಟೆಸ್ಟ್ ಡ್ರೈವನ್ನು ಸಂಜೆ ಆರೂವರೆಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನ ಮೂಲಕವೇ ಮಾಡಬೇಕು. ಭಾನುವಾರ ಬೆಳಿಗ್ಗೆಯ ಖಾಲಿ ಬಳ್ಳಾರಿ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ.

ಕರೆಂಟಿನ ಕಾರು ಮತ್ತು ಮನೆಯ ಮೀಟರು

ದಿನಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ಓಡಾಡುವ ಇಬ್ಬರಿಗೆ, ಸ್ವಂತ ಪಾರ್ಕಿಂಗ್ ಜಾಗ ಇದ್ದಲ್ಲಿ, ವಿದ್ಯುತ್ ಕಾರೇ ಎಲ್ಲಕ್ಕಿಂತ ಸರಿಯಾದ ಆಯ್ಕೆ. ತೆವಳುವ ರಸ್ತೆಯಲ್ಲಿ ಅದಕ್ಕೆ ಗೇರಿನ ಎಳೆದಾಟವಿಲ್ಲ, ನಿಂತಲ್ಲಿ ಇಂಧನ ಸುಡುವುದಿಲ್ಲ. ಬಾಡಿಗೆ ಮನೆಯಾಗಿದ್ದು ಮಾಲೀಕರು ಚಾರ್ಜರಿಗೆ ಒಪ್ಪದಿದ್ದರೆ ಮಾತ್ರ ಈ ಯೋಚನೆಯನ್ನೇ ಬಿಡಬೇಕಾಗುತ್ತದೆ.

ಖರ್ಚಿನ ಲೆಕ್ಕ ಸರಳ. ತಿಂಗಳಿಗೆ ಸಾವಿರ ಕಿಲೋಮೀಟರ್ ಎಂದುಕೊಂಡರೆ, ಊರೊಳಗೆ ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ನೂರು ಲೀಟರ್, ಅಂದರೆ ಹತ್ತು ಸಾವಿರ ರೂಪಾಯಿಗೂ ಮೇಲೆ. ಅಷ್ಟೇ ದೂರಕ್ಕೆ ಈ ವರ್ಗದ ವಿದ್ಯುತ್ ಕಾರಿಗೆ ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 170ರಿಂದ 180 ಯೂನಿಟ್ ಸಾಕು. ಯೂನಿಟ್ಟಿಗೆ ಆರೇಳು ರೂಪಾಯಿ ಹಿಡಿದರೂ ಸಾವಿರದ ಇನ್ನೂರರ ಆಸುಪಾಸು.

ಆದರೆ ಮೀಟರಿನ ಕಡೆಯಿಂದ ಎರಡು ವಿಷಯ ನೋಡಿಕೊಳ್ಳಬೇಕು. ಮನೆಗಳಿಗೆ ಉಚಿತ ಕರೆಂಟ್ ಕೊಡುವ, 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಇಬ್ಬರ ಸಂಸಾರಗಳು ಸಾಮಾನ್ಯವಾಗಿ 200 ಯೂನಿಟ್ಟಿನ ಮಿತಿಯೊಳಗೇ ಇರುತ್ತವೆ. ಕಾರಿನ 170 ಯೂನಿಟ್ ಸೇರಿದ ತಿಂಗಳು ಬಳಕೆ ಆ ಮಿತಿ ದಾಟಿದರೆ, ಹೆಚ್ಚಾದ ಯೂನಿಟ್ಟಿಗೆ ಮಾತ್ರವಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಆದ್ದರಿಂದ ಕಾರಿನ ಕರೆಂಟ್ ಖರ್ಚಿಗೆ ಈವರೆಗೆ ಉಚಿತವಾಗಿದ್ದ ಮನೆಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಚಾರ್ಜಿಂಗಿಗೆ ಬೇರೆಯೇ ಸಂಪರ್ಕ ಪಡೆಯಲು ಆಗುತ್ತದೆಯೇ ಎಂದು ಬೆಸ್ಕಾಂನ ಉಪವಿಭಾಗದ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಎರಡನೆಯದು ಮಂಜೂರಾದ ಲೋಡ್. ಗೋಡೆಗೆ ಹಾಕುವ 7.4 ಕಿಲೋವಾಟ್ ಚಾರ್ಜರಿಗೆ ಲೋಡ್ ಹೆಚ್ಚಿಸಿಕೊಳ್ಳಬೇಕು, ಹೆಚ್ಚಿಸಿದ ಪ್ರತಿ ಕಿಲೋವಾಟಿಗೂ ತಿಂಗಳಿಗೆ ನೂರು ರೂಪಾಯಿಗೂ ಮೇಲೆ ನಿಗದಿತ ಶುಲ್ಕ ಬೀಳುತ್ತದೆ. ಕಾರು ಓಡಲಿ ಬಿಡಲಿ ಅದನ್ನು ಕಟ್ಟಲೇಬೇಕು. ಇಬ್ಬರ ಬಳಕೆಗೆ ಅಷ್ಟು ವೇಗದ ಚಾರ್ಜರ್ ಬೇಕೇ ಬೇಕು ಎಂದಿಲ್ಲ. ಒಳ್ಳೆಯ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ಗಿನಲ್ಲಿ 3.3 ಕಿಲೋವಾಟಿನಂತೆ ರಾತ್ರಿ ಹತ್ತು ಗಂಟೆ ಹಾಕಿಟ್ಟರೆ ಮೂವತ್ತು ಯೂನಿಟ್ಟಿಗೂ ಹೆಚ್ಚು ತುಂಬುತ್ತದೆ. ಅದರಲ್ಲಿ ಊರೊಳಗೆ 150 ಕಿಲೋಮೀಟರಿಗೂ ಹೆಚ್ಚು ಓಡಬಹುದು. ಅರ್ಥಿಂಗ್ ಮತ್ತು ವೈರಿನ ದಪ್ಪವನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸಿದ ಮೇಲೆಯೇ ಚಾರ್ಜಿಂಗ್ ಶುರು ಮಾಡಬೇಕು. ಹಳೆಯ ಮನೆಗಳಲ್ಲಿ ಗೀಸರಿಗೆಂದು ಎಳೆದ ವೈರಿಗೆ ರಾತ್ರಿಯಿಡೀ ಈ ಹೊರೆ ಹೊರಿಸುವುದು ಅಪಾಯಕಾರಿ.

ಐಎಕ್ಸ್1 ಲಾಂಗ್ ವೀಲ್‌ಬೇಸ್ 2025ರ ಜನವರಿಯಲ್ಲಿ 49 ಲಕ್ಷಕ್ಕೆ ಬಿಡುಗಡೆಯಾಯಿತು. ಬ್ಯಾಟರಿ 66.4 ಕಿಲೋವಾಟ್-ಅವರ್, ಭಾರತದ ಪರೀಕ್ಷಾ ಕ್ರಮದಲ್ಲಿ ಘೋಷಿಸಿದ ವ್ಯಾಪ್ತಿ 531 ಕಿ.ಮೀ. ನಿಜ ಬಳಕೆಯಲ್ಲಿ ಇಂಥ ಅಂಕಿಗಳಿಂದ ಕಾಲುಭಾಗ ಕಳೆದು ನೋಡುವುದು ಕ್ಷೇಮ. 2025ರ ಸೆಪ್ಟೆಂಬರಿನಲ್ಲಿ 41 ಲಕ್ಷಕ್ಕೆ ಬಂದ ವೋಲ್ವೊ ಇಎಕ್ಸ್30 ಈ ಸಾಲಿನಲ್ಲಿ ಅತಿ ಚಿಕ್ಕದು. ಹಿಂದಿನ ಸೀಟೂ ಡಿಕ್ಕಿಯೂ ಇಕ್ಕಟ್ಟು. ನಿಜಕ್ಕೂ ಇಬ್ಬರೇ ಓಡಾಡುವ, ಗಲ್ಲಿ ಕಿರಿದಾಗಿರುವ ಮನೆಗೆ ಇದಕ್ಕಿಂತ ಹೊಂದುವ ಕಾರು ಈ ವರ್ಗದಲ್ಲಿಲ್ಲ. ವೋಲ್ವೊ ಕಾರುಗಳ ಜೋಡಣೆ ನಡೆಯುವುದು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ. 2017ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಈಗ ಇಎಕ್ಸ್40 ಎಂದು ಕರೆಯುವ ಎಕ್ಸ್‌ಸಿ40 ರೀಚಾರ್ಜ್ 2022ರಲ್ಲಿ ಅಲ್ಲಿಂದ ಹೊರಬಂತು, ಇಎಕ್ಸ್30 ಕೂಡ ಅಲ್ಲಿಯದೇ. ಎಕ್ಸ್1 ಮತ್ತು ಐಎಕ್ಸ್1 ಚೆನ್ನೈನಲ್ಲಿ, ಜಿಎಲ್‌ಎ ಪುಣೆ ಬಳಿಯ ಚಾಕಣದಲ್ಲಿ ಜೋಡಣೆಯಾಗುತ್ತವೆ. ಪೂರ್ತಿ ಆಮದಾಗುವ ಕಾರಿನ ಮೇಲೆ ಸೀಮಾಸುಂಕದ ಹೊರೆ ಭಾರಿ. ಆದ್ದರಿಂದ ಇಲ್ಲಿ ಜೋಡಿಸಿದ ಮಾದರಿಯನ್ನೇ ಆರಿಸಿದರೆ ಕೊಟ್ಟ ದುಡ್ಡಿಗೆ ಸಿಗುವ ಕಾರು ಹೆಚ್ಚು.

ತೆರಿಗೆ ಮತ್ತು ಸಾಲ

2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜಿಎಸ್‌ಟಿ ಶೇ 40. ವಿದ್ಯುತ್ ಕಾರುಗಳಿಗೆ ಶೇ 5. ಎಕ್ಸ್‌ಶೋರೂಮ್ ಬೆಲೆಯಲ್ಲಿ ಇದು ಸೇರಿಕೊಂಡಿರುತ್ತದೆ. ಕಣ್ಣಿಗೆ ಹೊಡೆಯುವುದು ರಾಜ್ಯದ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಅದು ಶೇ 18, ಅದರ ಮೇಲೆ ಸೆಸ್ ಬೇರೆ. 50 ಲಕ್ಷದ ಪೆಟ್ರೋಲ್ ಕಾರಿಗೆ ತೆರಿಗೆಯೇ ಹತ್ತು ಲಕ್ಷದ ಹತ್ತಿರ ಬರುತ್ತದೆ. ವಿದ್ಯುತ್ ಕಾರುಗಳಿಗೆ ಮೊದಲಿದ್ದ ಪೂರ್ಣ ವಿನಾಯಿತಿ 2024ರಲ್ಲಿ 25 ಲಕ್ಷ ಮೀರಿದವುಗಳಿಗೆ ಇಲ್ಲವಾಯಿತು. ಅವುಗಳ ತೆರಿಗೆ ಶೇ 10. ಹಾಗಾಗಿ ಒಂದೇ ಎಕ್ಸ್‌ಶೋರೂಮ್ ಬೆಲೆಯ ಪೆಟ್ರೋಲ್ ಕಾರಿಗೂ ವಿದ್ಯುತ್ ಕಾರಿಗೂ ಆನ್‌ರೋಡ್ ಬೆಲೆಯಲ್ಲಿ ನಾಲ್ಕೈದು ಲಕ್ಷದ ಅಂತರ ಇರುತ್ತದೆ. ಹತ್ತು ಲಕ್ಷ ಮೀರಿದ ಕಾರಿಗೆ ಮಾರುವವರು ಹಿಡಿದುಕೊಳ್ಳುವ ಶೇ 1ರ ಟಿಸಿಎಸ್ ಖರ್ಚಲ್ಲ, ಆದಾಯ ತೆರಿಗೆ ರಿಟರ್ನಿನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು.

ಸಾಲವನ್ನು ತಿಂಗಳ ಕಂತಿನ ಅಂಕಿ ನೋಡಿ ತೀರ್ಮಾನಿಸಬಾರದು. ಶೇ 9ರ ಬಡ್ಡಿಯಲ್ಲಿ 40 ಲಕ್ಷಕ್ಕೆ ಏಳು ವರ್ಷದ ಕಂತು ಸುಮಾರು 64,400 ರೂಪಾಯಿ, ಐದು ವರ್ಷದ್ದು ಸುಮಾರು 83,000. ಏಳು ವರ್ಷದ ಕಂತು ಹಗುರವಾಗಿ ಕಾಣುತ್ತದೆ, ಆದರೆ ಬಡ್ಡಿಯೇ 14 ಲಕ್ಷ ದಾಟುತ್ತದೆ. ಐದು ವರ್ಷಕ್ಕೆ ಅದು ಹತ್ತು ಲಕ್ಷದೊಳಗೆ. ಇಂಥ ಕಾರುಗಳ ಮರುಮಾರಾಟದ ಬೆಲೆ ಮೊದಲ ಮೂರು-ನಾಲ್ಕು ವರ್ಷಗಳಲ್ಲಿ ವೇಗವಾಗಿ ಇಳಿಯುವುದರಿಂದ ಏಳು ವರ್ಷದ ಸಾಲದ ನಡುವೆ ಕಾರು ಮಾರಬೇಕಾಗಿ ಬಂದರೆ ಬಾಕಿಯೇ ಬೆಲೆಗಿಂತ ಹೆಚ್ಚಿರುವ ಸಂದರ್ಭ ಎದುರಾಗಬಹುದು. ಇಬ್ಬರ ಸಂಬಳದಲ್ಲಿ ಒಬ್ಬರದು ಕೆಲ ಕಾಲ ನಿಂತರೂ ಕಟ್ಟಲಾಗುವ ಕಂತೇ ಸುರಕ್ಷಿತ ಕಂತು. ಮಗು ಬೇಕೆಂದು ಯೋಚಿಸುತ್ತಿರುವ ದಂಪತಿ ಈ ಮಾತನ್ನು ಮೊದಲು ಕೂತು ಮಾತಾಡಬೇಕು.

ಕೂತು ನೋಡುವುದು

ಕಾರನ್ನು ಇಬ್ಬರೂ ಓಡಿಸುವುದಾದರೆ ಇಬ್ಬರೂ ಓಡಿಸಿಯೇ ನೋಡಬೇಕು. ಆರಡಿ ಎತ್ತರದವರು ಹೊಂದಿಸಿಕೊಂಡ ಸೀಟು ಐದಡಿಯವರಿಗೆ ದಿನವೂ ತೊಂದರೆ. ಸೀಟು, ಕನ್ನಡಿ ಎರಡನ್ನೂ ನೆನಪಿಟ್ಟುಕೊಳ್ಳುವ ಮೆಮೊರಿ ಸೀಟ್ ಇಬ್ಬರ ಸಂಸಾರದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಗಿಡ್ಡಗಿರುವವರಿಗೆ ಬಾನೆಟ್ಟಿನ ತುದಿ ಕಾಣುತ್ತದೆಯೇ, ಹಿಂದಿನ ದಪ್ಪ ಕಂಬ ನೋಟವನ್ನು ಎಷ್ಟು ಮರೆಮಾಡುತ್ತದೆ ಎಂಬುದನ್ನು ಕೂತೇ ತಿಳಿಯಬೇಕು. ಬಾಗಿಲ ಹೊಸ್ತಿಲು ಅಗಲವಾಗಿದ್ದರೆ ಸೀರೆ ಉಟ್ಟವರು ಇಳಿಯುವಾಗ ನೆರಿಗೆ ಅದಕ್ಕೆ ಒರೆಸಿಕೊಂಡು ಮಳೆಗಾಲದ ಕೆಸರೆಲ್ಲ ಅಂಟುತ್ತದೆ. ಬಾಗಿಲು ಹೊಸ್ತಿಲನ್ನೂ ಮುಚ್ಚಿಕೊಳ್ಳುವಂತೆ ಕೆಳಗಿನವರೆಗೆ ಇಳಿದಿದ್ದರೆ ಈ ತೊಂದರೆ ಇಲ್ಲ. ಊರಿಂದ ಬರುವ ಅಪ್ಪ-ಅಮ್ಮನನ್ನೂ ಒಮ್ಮೆ ಹಿಂದಿನ ಸೀಟಿನಲ್ಲಿ ಕೂರಿಸಿ ನೋಡುವುದು ಒಳಿತು. ಮಂಡಿನೋವಿನವರಿಗೆ ಎತ್ತರದ ಸೀಟು ಅನುಕೂಲ, ಆದರೆ ತೊಡೆಗೆ ಆಧಾರ ಸಿಗದ ಮೋಟು ಸೀಟು ಹಾಸನ ಮುಟ್ಟುವಷ್ಟರಲ್ಲಿ ಸೊಂಟ ಹಿಡಿಸುತ್ತದೆ.

ಸುರಕ್ಷತೆಯಲ್ಲಿ ಈ ವರ್ಗದ ಮಟ್ಟ ಉತ್ತಮ. ಯುರೊ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕ್ಯೂ3 ಮತ್ತು ಎಕ್ಸ್‌ಸಿ40ಗೆ 2018ರಲ್ಲಿ, ಎಕ್ಸ್1ಗೆ 2022ರಲ್ಲಿ ಐದು ತಾರೆ ಸಿಕ್ಕಿವೆ. ಪರೀಕ್ಷೆಗೊಳಗಾದ ಐರೋಪ್ಯ ಮಾದರಿಯ ಎಲ್ಲ ಸಾಧನಗಳೂ ಇಲ್ಲಿಯ ಮಾದರಿಯಲ್ಲಿ ಇರಬೇಕೆಂದಿಲ್ಲ, ಪಟ್ಟಿ ಹಿಡಿದು ಹೋಲಿಸಬೇಕು.

ನೀರು, ವಿಮೆ

ಉತ್ತರ ಬೆಂಗಳೂರಿನಲ್ಲಿ ಕಾರು ಕೊಳ್ಳುವವರು ಮಳೆಯನ್ನು ಮರೆಯುವಂತಿಲ್ಲ. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ನಿವಾಸಿಗಳನ್ನು ಹೊರತರಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ವಿಲ್ಲಾಗಳಲ್ಲಿ ದುಬಾರಿ ಕಾರುಗಳೇ ಮುಳುಗಿದ್ದವು. ಕೆರೆಯ ಕೆಳಭಾಗದಲ್ಲಿ ಅಥವಾ ರಾಜಕಾಲುವೆ ಪಕ್ಕದಲ್ಲಿ ಮನೆಯಿದ್ದರೆ, ಪಾರ್ಕಿಂಗ್ ನೆಲಮಟ್ಟಕ್ಕಿಂತ ಕೆಳಗಿದ್ದರೆ, ವಿಮೆಯಲ್ಲಿ ಎಂಜಿನ್ ರಕ್ಷಣೆಯ ಆ್ಯಡ್-ಆನ್ ಇರಲೇಬೇಕು. ಸಾಮಾನ್ಯ ಪಾಲಿಸಿ ಪ್ರವಾಹದ ಹಾನಿಯನ್ನು ತುಂಬಿಕೊಟ್ಟರೂ, ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಕೆಟ್ಟರೆ ಹಣ ಸಿಗುವುದು ಕಷ್ಟ. ಮುಳುಗಿದ ಕಾರಿನ ಗುಂಡಿ ಮುಟ್ಟದೆ ಎಳೆದೊಯ್ಯುವ ವಾಹನ ಕರೆಸಬೇಕು. ಬಿಡಿಭಾಗದ ಸವಕಳಿ ಕಳೆಯದೆ ಪೂರ್ತಿ ಹಣ ಕೊಡುವ ಝೀರೊ ಡೆಪ್ರಿಸಿಯೇಶನ್, ಕಾರು ಪೂರ್ತಿ ಹಾಳಾದರೆ ಬಿಲ್ಲಿನ ಮೊತ್ತವನ್ನೇ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಎರಡೂ ಈ ಬೆಲೆಯ ಕಾರಿಗೆ ಬೇಕು. ಶೋರೂಮು ಕೊಡುವ ವಿಮೆಯನ್ನೇ ತೆಗೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಎರಡು-ಮೂರು ಕಡೆ ದರ ಕೇಳಿದರೆ ಉಳಿತಾಯ ಆಗುತ್ತದೆ.

ಎರಡನೇ ಕೈ ಕಾರು

ಮೂರು ವರ್ಷ ಹಳೆಯ ಕಾರು ಅರ್ಧ ಬೆಲೆಯ ಸುತ್ತಮುತ್ತ ಸಿಗುವಾಗ ಆಸೆ ಸಹಜ. ಕಂಪನಿಗಳೇ ಪರೀಕ್ಷಿಸಿ ವಾರಂಟಿ ಕೊಟ್ಟು ಮಾರುವ ಕಾರುಗಳಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ದೆಹಲಿಯಿಂದ ತಂದು ಮಾರುವ ಕಾರುಗಳ ಅಗ್ಗದ ಬೆಲೆಗೆ ಮಾತ್ರ ಮರುಳಾಗಬಾರದು. ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ, ಮತ್ತೆ ನೋಂದಣಿ ಮಾಡಿಸುವ ಹೊತ್ತಿಗೆ ಆ ಅಗ್ಗ ಕರಗಿರುತ್ತದೆ. ನೀರಿನಲ್ಲಿ ಮುಳುಗಿ ಎದ್ದ ಕಾರುಗಳೂ ಈ ದಾರಿಯಲ್ಲಿ ಬರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ತುದಿಯಲ್ಲಿ ಕೆಸರಿನ ಗೆರೆ, ಸೀಟಿನ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು ಕಂಡರೆ ಅಂಥ ಕಾರನ್ನು ಬಿಟ್ಟುಬಿಡಬೇಕು.

ಕೊಳ್ಳುವ ಹೊತ್ತು, ಪಡೆಯುವ ಹೊತ್ತು

ಆಷಾಢದಲ್ಲಿ ಹೊಸ ಗಾಡಿ ತರುವವರು ಕಡಿಮೆ. ಅದಕ್ಕಾಗಿಯೇ ಶೋರೂಮುಗಳು ಆಗ ಬೆಲೆಯಲ್ಲಿ ಬಗ್ಗುತ್ತವೆ. ಶಾಸ್ತ್ರ ನೋಡುವ ಮನೆಯವರು ಆಷಾಢದಲ್ಲೇ ಚೌಕಾಸಿ ಮಾಡಿ ಬುಕ್ ಮಾಡಿ, ಶ್ರಾವಣದಲ್ಲಿ ಡೆಲಿವರಿ ಪಡೆಯುವ ಕ್ರಮವೂ ಇದೆ. ಆಯುಧಪೂಜೆ, ದೀಪಾವಳಿಗೆ ಬೇಡಿಕೆ ಹೆಚ್ಚಿರುವುದರಿಂದ ಬೇಕಾದ ಬಣ್ಣ ಸಿಗುವುದೂ ಕಷ್ಟ. ಡಿಸೆಂಬರಿನ ರಿಯಾಯಿತಿ ದೊಡ್ಡದಾಗಿರುತ್ತದೆ, ಆದರೆ ಜನವರಿ ಬಂದೊಡನೆ ಆ ಕಾರು ಹಿಂದಿನ ವರ್ಷದ್ದಾಗುತ್ತದೆ. ಎಂಟು-ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದರಿಂದ ತೊಂದರೆಯಿಲ್ಲ. ಮೂರು ವರ್ಷಕ್ಕೆ ಮಾರುವವರಿಗೆ ರಿಯಾಯಿತಿಯ ಲಾಭ ಮರುಮಾರಾಟದಲ್ಲಿ ಹೋಗುತ್ತದೆ.

ನೋಂದಣಿ ವಿಳಾಸದ ಆಧಾರದ ಮೇಲೆ ಆಗುತ್ತದೆ. ಉತ್ತರ ಬೆಂಗಳೂರಿನಲ್ಲಿ ಯಶವಂತಪುರದ ಕಚೇರಿಯದು ಕೆಎ 04, ಯಲಹಂಕದ್ದು ಕೆಎ 50. ವಿದ್ಯುತ್ ಕಾರಿಗೆ ಹಸಿರು ಫಲಕ. ನೋಂದಣಿಗೆ ಕಾಗದ ಹೋಗುವ ಮೊದಲೇ ಸ್ಟಾಕ್‌ಯಾರ್ಡಿನಲ್ಲಿ ಕಾರನ್ನು ಹಗಲು ಬೆಳಕಿನಲ್ಲಿ ನೋಡಬೇಕು. ನೋಂದಣಿಯಾದ ಮೇಲೆ ದೋಷ ಕಂಡರೆ ಕಾರು ಬದಲಿಸಿಕೊಳ್ಳುವುದು ಬಹಳ ಕಷ್ಟ. ಚಾಸಿ ಸಂಖ್ಯೆ ಬಿಲ್ಲಿನೊಂದಿಗೆ ಹೊಂದುತ್ತದೆಯೇ, ತಯಾರಾದ ತಿಂಗಳು ಯಾವುದು, ನಾಲ್ಕೂ ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ವಾರ-ವರ್ಷದ ನಾಲ್ಕಂಕಿ ಒಂದಕ್ಕೊಂದು ಹತ್ತಿರವಿದೆಯೇ, ಬಾಗಿಲುಗಳ ಬಣ್ಣದಲ್ಲಿ ಛಾಯೆಯ ವ್ಯತ್ಯಾಸವಿದೆಯೇ, ಮೀಟರಿನಲ್ಲಿ ನೂರಾರು ಕಿಲೋಮೀಟರ್ ಓಡಿದ ಲೆಕ್ಕವಿದೆಯೇ ಎಂದು ನೋಡಿ ಫೋಟೊ ತೆಗೆದುಕೊಳ್ಳಬೇಕು. ಕಾರು ಮನೆಗೆ ತರುವ ದಿನ ಎರಡೂ ಕೀಲಿ, ವಿಮೆಯ ಪತ್ರ, ತೆರಿಗೆ ಕಟ್ಟಿದ ರಸೀದಿ, ಟಿಸಿಎಸ್ ಪ್ರಮಾಣಪತ್ರದ ಬಗ್ಗೆ ಖಾತರಿ, ವಿದ್ಯುತ್ ಕಾರಾದರೆ ಬ್ಯಾಟರಿಯ ವಾರಂಟಿ ಪುಸ್ತಕ ಮತ್ತು ಚಾರ್ಜಿಂಗ್ ಕೇಬಲ್ ಕೈಗೆ ಬಂದಿರಬೇಕು.